ಷಟರಿನ ಸ್ಪ್ರಿಂಗು: ಎಣ್ಣೆ ನಮ್ಮದು, ಸ್ಪ್ಯಾನರ್ ಕಸುಬಿನವರದು

ರೈತನ ಕೈಗೆ ಯಾವ ಯಂತ್ರ ಕೊಟ್ಟರೂ ಅವನು ಬಿಚ್ಚಿ ನೋಡದೆ ಬಿಡುವವನಲ್ಲ. ಬೋರಿನಿಂದ ಪಂಪು-ಮೋಟರು ಮೇಲೆತ್ತುತ್ತೇವೆ, ಕೂರಿಗೆ ಜೋಡಿಸುತ್ತೇವೆ, ಕಲ್ಟಿವೇಟರಿನ ಗುಳ ಬದಲಾಯಿಸುತ್ತೇವೆ, ಔಷಧಿ ಹೊಡೆಯುವ ಪಂಪಿಗೆ ಹೊಸ ವಾಷರ್ ಹಾಕುತ್ತೇವೆ. ಹೀಗೆ ಮಾಡದಿದ್ದರೆ ಒಣಬೇಸಾಯದವನಿಗೆ ಬದುಕೇ ಇಲ್ಲ. ಪ್ರತಿ ಕೆಲಸಕ್ಕೂ ಪೇಟೆಯಿಂದ ಆಳು ಕರೆಸಿದರೆ ಬೆಳೆದ ಶೇಂಗಾ ಎಲ್ಲಾ ಅವರ ಕೂಲಿಗೇ ಹೋದೀತು. ಸ್ವಂತ ರಿಪೇರಿಯ ಪರವಾಗಿ ಈ ಪತ್ರಿಕೆಯಲ್ಲಿ ಎಷ್ಟು ಬರೆದರೂ ನನಗೆ ಒಪ್ಪಿಗೆಯೇ.

ಆದರೆ ಒಂದು ವಸ್ತುವಿನ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಅದು ಟ್ರ್ಯಾಕ್ಟರ್ ಶೆಡ್ಡಿಗೂ ಗೋಡೌನಿಗೂ ಹಾಕಿಸುವ ರೋಲಿಂಗ್ ಷಟರಿನ ಸ್ಪ್ರಿಂಗು. ಇದಕ್ಕೆ ಮನೆಯಲ್ಲೇ ಮಾಡಬೇಕಾದ ಆರೈಕೆ ಬೇಕಾದಷ್ಟಿದೆ. ಅದನ್ನು ನಾವು ಮಾಡುತ್ತಿಲ್ಲ. ಮಾಡಬಾರದ ಕೆಲಸ ಒಂದೇ ಒಂದಿದೆ. ಅದಕ್ಕೇ ಕೈ ಹಾಕುತ್ತೇವೆ. ಇದು ತಿರುವುಮುರುವಾಗಬೇಕು ಅನ್ನೋದು ನನ್ನ ವಾದ.

ಏತದ ಕಲ್ಲಿನ ಹಾಗೆ

ಚಳ್ಳಕೆರೆ ಸುತ್ತಮುತ್ತ ಇಪ್ಪತ್ತೈದು ವರ್ಷದ ಕೆಳಗೆ ಹಳ್ಳಿಯಲ್ಲಿ ಷಟರ್ ಇದ್ದದ್ದು ಕಡಿಮೆ. ಸೊಸೈಟಿಗೆ, ಎಣ್ಣೆ ಮಿಲ್ಲಿಗೆ, ಪೇಟೆಯ ಅಂಗಡಿಗೆ ಇರುತ್ತಿತ್ತು. ಈಗ ಟ್ರ್ಯಾಕ್ಟರ್ ತಂದವರೆಲ್ಲ ಶೆಡ್ಡು ಕಟ್ಟಿ ಮುಂದೆ ಷಟರ್ ಇಳಿಬಿಡುತ್ತಾರೆ. ನೋಡೋಕೆ ಚೆನ್ನ, ಬೀಗ ಭದ್ರ. ಆದರೆ ಅದು ಹೇಗೆ ಮೇಲೇಳುತ್ತೆ ಅಂತ ಕೇಳಿದರೆ ಹತ್ತರಲ್ಲಿ ಒಂಬತ್ತು ಜನ "ಉರುಳೆ ಇದೆಯಲ್ಲ, ಸುತ್ಕಳ್ತದೆ" ಅಂತಾರೆ. ಅಷ್ಟೇ ಅಲ್ಲ.

ಒಂದು ಲೆಕ್ಕ ಹಾಕಿ. 18 ಗೇಜಿನ ತಗಡು ಅಂದರೆ 1.2 ಮಿಲಿಮೀಟರ್ ದಪ್ಪ. ಒಂದು ಚದರ ಮೀಟರಿಗೆ ಸುಮಾರು ಒಂಬತ್ತೂವರೆ ಕಿಲೋ ತೂಗುತ್ತದೆ. ಹತ್ತಡಿ ಅಗಲ, ಹತ್ತಡಿ ಎತ್ತರದ ಷಟರ್ ಅಂದರೆ ಒಂಬತ್ತು ಚದರ ಮೀಟರಿಗೂ ಸ್ವಲ್ಪ ಜಾಸ್ತಿ. ಬರೀ ಸಪಾಟು ತಗಡೇ 87 ಕಿಲೋ ಆಯಿತು. ಷಟರಿನ ಪಟ್ಟಿಗಳು ಒಂದಕ್ಕೊಂದು ಸಿಕ್ಕಿಕೊಳ್ಳಲು ಅಂಚು ಮಡಿಚಿರುತ್ತಾರೆ, ಕೆಳಗೆ ಬೀಗದ ದಪ್ಪ ಪಟ್ಟಿ ಬೇರೆ. ಒಟ್ಟು ನೂರು ಕಿಲೋ ದಾಟುತ್ತದೆ. ಅಂದರೆ ಎರಡು ಡಿಎಪಿ ಮೂಟೆ. ಎರಡು ಮೂಟೆಯನ್ನು ನಮ್ಮ ಮನೆಯ ಹೆಣ್ಣುಮಕ್ಕಳು ಬೆಳಗ್ಗೆ ಬೂಸಾ ತೆಗೆಯೋಕೆ ಬಂದಾಗ ಒಂದೇ ಕೈಯಲ್ಲಿ ಎತ್ತುತ್ತಾರೆ. ಹೇಗೆ?

ಏತ ನೋಡಿದವರಿಗೆ ಇದು ಸುಲಭವಾಗಿ ಗೊತ್ತಾಗುತ್ತದೆ. ಏತದ ಮರದ ಹಿಂತುದಿಗೆ ಕಲ್ಲು ಕಟ್ಟಿರುತ್ತಿದ್ದರು. ಖಾಲಿ ಬಾನಿಯನ್ನು ಬಾವಿಗೆ ಇಳಿಸುವಾಗ ಕಷ್ಟಪಟ್ಟು ಕೆಳಗೆ ಎಳೆಯಬೇಕು. ತುಂಬಿದ ಬಾನಿ ಮೇಲೆ ಬರುವಾಗ ಆ ಕಲ್ಲೇ ಎತ್ತಿಕೊಡುತ್ತದೆ. ಷಟರಿನಲ್ಲಿ ಕಲ್ಲಿನ ಕೆಲಸವನ್ನು ಸ್ಪ್ರಿಂಗು ಮಾಡುತ್ತದೆ. ಬಾಗಿಲ ತಲೆಯ ಮೇಲೆ ಅಡ್ಡ ಒಂದು ಪೈಪು. ಅದು ತಿರುಗುವುದಿಲ್ಲ. ಎರಡೂ ಕಡೆ ಬ್ರಾಕೆಟ್ಟಿಗೆ ಬೋಲ್ಟು ಹಾಕಿ ಬಿಗಿ ಹಿಡಿದಿರುತ್ತಾರೆ. ಪೈಪಿನ ಮೇಲೆ ಸ್ಪ್ರಿಂಗು. ಅದರ ಒಂದು ತುದಿ ಪೈಪಿಗೆ, ಇನ್ನೊಂದು ತುದಿ ಷಟರ್ ಸುತ್ತಿಕೊಳ್ಳುವ ಚಕ್ರಕ್ಕೆ. ಷಟರ್ ಕೆಳಗೆ ಎಳೆದಾಗ ಚಕ್ರ ತಿರುಗಿ ಸ್ಪ್ರಿಂಗು ಹುರಿಗೊಳ್ಳುತ್ತದೆ. ಮೇಲೆತ್ತುವಾಗ ಆ ಹುರಿ ಬಿಚ್ಚಿಕೊಳ್ಳುತ್ತಾ ಭಾರ ಹೊರುತ್ತದೆ.

ಕತ್ತಾಳೆ ನಾರಿನ ಹಗ್ಗ ಹೊಸೆದವರಿಗೆ ಹುರಿಯ ಗುಣ ಗೊತ್ತು. ತುದಿ ಕೈಬಿಟ್ಟರೆ ತಾನಾಗೇ ಗಿರಗಿರನೆ ವಾಪಸ್ ತಿರುಗುತ್ತದೆ. ನಾರಿನ ಹಗ್ಗ ತಿರುಗಿದರೆ ನಗಬಹುದು. ನೂರು ಕಿಲೋ ಎತ್ತುವ ಉಕ್ಕಿನ ಹುರಿ ತಿರುಗಿದರೆ ಏನಾಗುತ್ತೆ, ಯೋಚನೆ ಮಾಡಿ.

"ಮೇಲಿದ್ದಾಗ ಸಡಿಲ" ಅನ್ನೋದು ಸುಳ್ಳು

ನಮ್ಮ ಕಡೆ ಒಂದು ನಂಬಿಕೆ ಇದೆ. ಷಟರ್ ಪೂರ್ತಿ ಮೇಲಿದ್ದಾಗ ಸ್ಪ್ರಿಂಗು ಸಡಿಲವಾಗಿರುತ್ತದೆ, ಆವಾಗ ಬೋಲ್ಟು ಬಿಚ್ಚಿದರೆ ಏನೂ ಆಗಲ್ಲ ಅಂತ. ಇದು ತಪ್ಪು. ಷಟರ್ ಕೂರಿಸುವಾಗಲೇ ಮೇಸ್ತ್ರಿ ಪೈಪಿಗೆ ಕೆಲವು ಸುತ್ತು ಹುರಿ ಕೊಟ್ಟೇ ಬೋಲ್ಟು ಬಿಗಿಯುತ್ತಾನೆ. ಇಲ್ಲದಿದ್ದರೆ ಷಟರ್ ಮೇಲೆ ನಿಲ್ಲುವುದೇ ಇಲ್ಲ. ಕೆಳಗಿಳಿದಾಗ ಹುರಿ ಅತಿ ಹೆಚ್ಚು, ಮೇಲಿದ್ದಾಗ ಕಡಿಮೆ. ಪೂರ್ತಿ ಇಲ್ಲ ಅನ್ನುವ ಹೊತ್ತು ಯಾವುದೂ ಇಲ್ಲ. ಬ್ರಾಕೆಟ್ಟಿನ ಆ ಬೋಲ್ಟುಗಳು ಹಿಡಿದಿರುವುದು ಬರೀ ಪೈಪನ್ನಲ್ಲ, ಅಷ್ಟೂ ಹುರಿಯನ್ನು.

ನಮ್ಮ ಪಕ್ಕದ ಊರಲ್ಲಿ ನನ್ನ ಸಂಬಂಧಿಕರ ಹುಡುಗನೊಬ್ಬ ಷಟರ್ ಬಿಗಿ ಆಯ್ತು ಅಂತ ಏಣಿ ಹತ್ತಿ ಆ ಬೋಲ್ಟು ಸಡಿಲ ಮಾಡಿದ. ಪೈಪಿಗೆ ಹಾಕಿದ್ದ ಪೈಪ್ ರೆಂಚು ಪೈಪಿನ ಸಂಗಡವೇ ತಿರುಗಿ ಮುಂಗೈಗೆ ಬಡಿಯಿತು. ಮೂಳೆ ಎರಡು ಕಡೆ ಮುರಿಯಿತು. ಶೇಂಗಾ ಕೀಳುವ ಕಾಲ. ಒಬ್ಬ ಗಟ್ಟಿ ಆಳು ಮೂರು ತಿಂಗಳು ಕೈ ಕೊರಳಿಗೆ ಕಟ್ಟಿಕೊಂಡು ಕೂತ. ಕಾಯಿ ಬಿಡಿಸೋಕೆ ಕೂಲಿ ಆಳು, ಆಸ್ಪತ್ರೆಗೆ ಸಾಲ. ತಲೆಗೆ ಬಡಿದಿದ್ದರೆ ಈ ಮಾತೂ ಇರುತ್ತಿರಲಿಲ್ಲ. ಹುಡುಗ ದಡ್ಡನಲ್ಲ. ಟ್ರ್ಯಾಕ್ಟರಿನ ಕ್ಲಚ್ ಪ್ಲೇಟ್ ತಾನೇ ಹಾಕುವವನು. ಅವನಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಈಗ ಇನ್ನೊಂದು ಕಾಟ ಬಂದಿದೆ. ಫೋನಿನಲ್ಲಿ ವಿಡಿಯೋ ನೋಡಿ ಸ್ಪ್ರಿಂಗು ಬಿಗಿಯುವುದು. ಆ ವಿಡಿಯೋಗಳಲ್ಲಿ ಎಷ್ಟೋ ಅಮೆರಿಕದವು. ಅಲ್ಲಿ ಕಾರು ನಿಲ್ಲಿಸುವ ಮನೆಯ ಬಾಗಿಲು ಅಗಲ ಹಲಗೆಗಳದ್ದು, ಹಳಿಯ ಮೇಲೆ ಜಾರಿ ಸೂರಿನಡಿ ಮಲಗುತ್ತದೆ. ಸ್ಪ್ರಿಂಗು ಕಣ್ಣಿಗೆ ಕಾಣುವಂತೆ ಹೊರಗಿರುತ್ತದೆ, ತುದಿಯಲ್ಲಿ ಸಲಾಕೆ ತೂರಿಸಿ ತಿರುಗಿಸಲು ತೂತುಗಳಿರುತ್ತವೆ. ನಮ್ಮ ಷಟರಿನಲ್ಲಿ ಆ ವ್ಯವಸ್ಥೆಯೇ ಇಲ್ಲ, ಪೈಪನ್ನೇ ತಿರುಗಿಸಬೇಕು. ಅದನ್ನು ನೋಡಿ ಇದಕ್ಕೆ ಕೈ ಹಾಕುವುದು ಎತ್ತಿನ ಮೂಗುದಾರ ನೋಡಿ ಹೋರಿಗೆ ಹಗ್ಗ ಹಾಕಲು ಹೋದಂತೆ. ಅಷ್ಟೆಲ್ಲ ಅನುಕೂಲ ಇರುವ ಅಲ್ಲಿಯೂ ಸ್ಪ್ರಿಂಗು ಬದಲಿಸುವ ಕೆಲಸ ಕಸುಬಿನವರಿಗೆ ಬಿಡಿ ಅಂತಲೇ ಎಚ್ಚರಿಕೆ ಕೊಡುತ್ತಾರೆ.

ನಮ್ಮ ಪಾಲಿನ ಕೆಲಸ

ಹಾಗಾದರೆ ನಾವು ಸುಮ್ಮನೆ ಕೂರಬೇಕೇ? ಖಂಡಿತ ಬೇಡ. ಸ್ಪ್ರಿಂಗು ಬೇಗ ಸೋಲುವುದು ತುಕ್ಕಿನಿಂದ, ಅನಗತ್ಯ ಭಾರದಿಂದ. ಇವೆರಡನ್ನೂ ತಪ್ಪಿಸುವುದು ನಮ್ಮ ಕೈಯಲ್ಲಿದೆ. ನಾನು ನನ್ನ ಶೆಡ್ಡಿನಲ್ಲಿ ವರ್ಷಕ್ಕೆ ಎರಡು ಸಲ ಮಾಡುವುದು ಇಷ್ಟು. ಒಂದು ಸಲ ಮುಂಗಾರಿಗೆ ಮೊದಲು, ಇನ್ನೊಂದು ಸಲ ಆಯುಧಪೂಜೆಯಲ್ಲಿ. ಆಯುಧಪೂಜೆಗೆ ಷಟರಿಗೂ ಕುಂಕುಮ ಹಚ್ಚುತ್ತೇವಲ್ಲ, ಅವತ್ತೇ ಎಣ್ಣೆಯನ್ನೂ ಹಚ್ಚಿದರೆ ಪೂಜೆ ಪೂರ್ತಿ ಆಗುತ್ತದೆ.

ಮೊದಲು ಎರಡೂ ಪಕ್ಕದ ಗೈಡು. ಷಟರ್ ಜಾರುವ ಆ ಕಬ್ಬಿಣದ ಸಂದಿಯಲ್ಲಿ ಆಷಾಢದ ಗಾಳಿಯ ಧೂಳು, ಶೇಂಗಾ ಸಿಪ್ಪೆ, ಕಡಜ ಕಟ್ಟಿದ ಮಣ್ಣಿನ ಗೂಡು ಎಲ್ಲಾ ತುಂಬಿರುತ್ತದೆ. ಷಟರ್ ಬಿಗಿಯಾದಾಗ ಜನ ಸ್ಪ್ರಿಂಗನ್ನು ಬೈಯುತ್ತಾರೆ. ಬಹಳ ಸಲ ತಪ್ಪು ಗೈಡಿನದು. ಕಡ್ಡಿಯಿಂದ ಕೆರೆದು, ಡೀಸೆಲ್ ಬಟ್ಟೆಯಲ್ಲಿ ಒರೆಸಿ, ಒಣಗಲು ಬಿಡಿ. ಗೈಡಿಗೆ ಗ್ರೀಸ್ ಮಾತ್ರ ಹಚ್ಚಬೇಡಿ. ನಮ್ಮ ಕೆಂಪು ಧೂಳು ಗ್ರೀಸಿಗೆ ಸೇರಿದರೆ ಅದೇ ಸಾಣೆ ಹಿಡಿಯುವ ಪುಡಿಯಾಗಿ ಕಬ್ಬಿಣ ತಿನ್ನುತ್ತದೆ. ಮೇಣದಬತ್ತಿ ತಿಕ್ಕಿದರೆ ಸಾಕು, ನುಣ್ಣಗೆ ಜಾರುತ್ತದೆ.

ಎರಡನೆಯದು ಸ್ಪ್ರಿಂಗಿಗೆ ಎಣ್ಣೆ. ಷಟರ್ ಪೂರ್ತಿ ಇಳಿಸಿ ಒಳಗಿನಿಂದ ನೋಡಿದರೆ ಸ್ಪ್ರಿಂಗು ಕಾಣುತ್ತದೆ. ಆಗ ಅದು ಗಟ್ಟಿ ಹುರಿಗೊಂಡಿರುತ್ತದೆ ಅನ್ನೋದು ನೆನಪಿರಲಿ. ಕೈ ಹಾಕಬೇಡಿ, ಕಡ್ಡಿಯಿಂದ ತಿವಿಯಬೇಡಿ. ಏಣಿ ಹಿಡಿಯಲು ಇನ್ನೊಬ್ಬರು ಇರಲಿ. ಮುಖ ಸ್ಪ್ರಿಂಗಿನ ನೇರಕ್ಕೆ ಬಾರದಂತೆ ಪಕ್ಕದಲ್ಲಿ ನಿಂತು ಉದ್ದ ಮೂತಿಯ ಎಣ್ಣೆ ಡಬ್ಬಿಯಿಂದ ಹೊಸ ಇಂಜಿನ್ ಆಯಿಲ್ ತೆಳ್ಳಗೆ ಬಿಡಿ. ಆಮೇಲೆ ಇಳಿದು ದೂರ ನಿಂತು ಷಟರನ್ನು ನಾಲ್ಕು ಸಲ ಏರಿಸಿ ಇಳಿಸಿ, ಎಣ್ಣೆ ಸುರುಳಿಗಳ ಒಳಗೆ ಇಳಿಯುತ್ತದೆ. ಟ್ರ್ಯಾಕ್ಟರಿನಿಂದ ತೆಗೆದ ಕರಿ ಆಯಿಲ್ ಬೇಡ, ಅದರಲ್ಲಿ ಲೋಹದ ಪುಡಿಯೂ ಹುಳಿಯೂ ಇರುತ್ತದೆ. ಅಡುಗೆಯ ಶೇಂಗಾ ಎಣ್ಣೆಯೂ ಬೇಡ. ಕೆಲವು ದಿನಕ್ಕೆ ಅಂಟಾಗಿ ಇರುವೆ, ಇಲಿ ಕರೆಯುತ್ತದೆ. ಗಾಡಿಯ ಅಚ್ಚಿಗೆ ಹಾಕುತ್ತಿದ್ದ ಕೀಲೆಣ್ಣೆ ಗಾಡಿಗೇ ಸರಿ, ಇದಕ್ಕೆ ಮಂದ ಆಯಿತು.

ಮೂರನೆಯದು ತುಕ್ಕಿನ ಮೂಲ. ಷಟರಿನ ಪಕ್ಕದಲ್ಲೇ ಪೊಟ್ಯಾಷ್, ಯೂರಿಯಾ ಮೂಟೆ ಒಟ್ಟುವುದು, ಬಾಗಿಲಲ್ಲೇ ದನ ಕಟ್ಟುವುದು ಬಿಡಬೇಕು. ಗೊಬ್ಬರದ ಉಪ್ಪಿನ ಅಂಶ, ಗಂಜಲ ಎರಡೂ ಕಬ್ಬಿಣದ ವೈರಿಗಳು. ಕೆಳಗಿನ ಪಟ್ಟಿ ತಿಂದುಹೋಗುವುದು ಇದರಿಂದಲೇ. ರಾಜ್ಯದಲ್ಲೇ ಕಡಿಮೆ ಮಳೆಯ ತಾಲ್ಲೂಕುಗಳಲ್ಲಿ ನಮ್ಮದೂ ಒಂದು, ನಮಗೆ ಧೂಳಿನ ಕಾಟ ಜಾಸ್ತಿ. ಕರಾವಳಿ, ಮಲೆನಾಡಿನ ಓದುಗರಿಗೆ ತುಕ್ಕಿನ ಕಾಟ ನಮಗಿಂತ ಹೆಚ್ಚು. ಅವರು ವರ್ಷಕ್ಕೆ ಎರಡರ ಬದಲು ಮೂರು ನಾಲ್ಕು ಸಲ ಎಣ್ಣೆ ತೋರಿಸಬೇಕಾದೀತು.

ನಾಲ್ಕನೆಯದು ಪರೀಕ್ಷೆ. ಷಟರನ್ನು ಸೊಂಟದ ಎತ್ತರಕ್ಕೆ ಎತ್ತಿ, ಕಾಲು ಕೆಳಗೆ ಇಡದೆ, ಕೈ ಮೆಲ್ಲಗೆ ಸಡಿಲಿಸಿ. ಅಲ್ಲೇ ನಿಂತರೆ ಅಥವಾ ನಿಧಾನಕ್ಕೆ ಚೂರು ಸರಿದರೆ ಸ್ಪ್ರಿಂಗು ಆರೋಗ್ಯವಾಗಿದೆ. ದಡಕ್ಕನೆ ಬೀಳಲು ನೋಡಿದರೆ ಸೋತಿದೆ. ಕೈ ಕಿತ್ತುಕೊಂಡು ಮೇಲೆ ಹಾರಿದರೆ ಹುರಿ ಜಾಸ್ತಿಯಾಗಿದೆ. ಒಂದು ಪಕ್ಕ ಮುಂದೆ, ಒಂದು ಪಕ್ಕ ಹಿಂದೆ ಏಳುತ್ತಿದ್ದರೆ ಎರಡರಲ್ಲಿ ಒಂದು ಸ್ಪ್ರಿಂಗು ಬಲ ಕಳಕೊಂಡಿರಬಹುದು. ಸುರುಳಿಯ ನಡುವೆ ಎರಡು ಬೆರಳು ಹಿಡಿಸುವಷ್ಟು ಸಂದಿ ಕಂಡರೆ ಅದು ಮುರಿದೇ ಹೋಗಿದೆ. ಇವುಗಳಲ್ಲಿ ಯಾವುದು ಕಂಡರೂ ನಮ್ಮ ಕೆಲಸ ಅಲ್ಲಿಗೆ ಮುಗಿಯಿತು. ಮುಂದಿನದು ಕಸುಬಿನವರದು.

ಮುರಿದಾಗ

ಸ್ಪ್ರಿಂಗು ಮುರಿಯುವಾಗ ಪಟಾಕಿ ಹೊಡೆದಂತೆ ಸದ್ದು ಬರುತ್ತದೆ. ಆಮೇಲೆ ಷಟರ್ ಒಮ್ಮೆಗೇ ಭಾರ. ಆಗ ಷಟರ್ ಕೆಳಗಿದ್ದರೆ ಕೆಳಗೇ ಇರಲಿ. ನಾಲ್ಕು ಜನ ಸೇರಿ ಎತ್ತುವುದು, ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಯುವುದು ಬೇಡ. ಎಳೆದು ಮೇಲೆ ನಿಲ್ಲಿಸಿದ್ದು ಯಾರ ತಲೆಯ ಮೇಲೆ ಯಾವಾಗ ಬೀಳುತ್ತದೋ ಹೇಳಲಾಗದು. ಷಟರ್ ಮೇಲಿದ್ದರೆ ಅಡಿಗೆ ಯಾರೂ ಹೋಗದಂತೆ ನೋಡಿಕೊಂಡು, ಪಕ್ಕದಿಂದಲೇ ಎರಡೂ ಕಡೆ ಗಟ್ಟಿ ಮರದ ಊರೆ ಕೊಟ್ಟು, ಮಕ್ಕಳು ದನ ಸುಳಿಯದಂತೆ ಅಡ್ಡ ಕಟ್ಟಿ. ಎರಡು ಸ್ಪ್ರಿಂಗಿರುವಲ್ಲಿ ಒಂದು ಮುರಿದರೆ ಎರಡನ್ನೂ ಬದಲಾಯಿಸಿ ಅಂತ ಹೇಳಿ. ಇಬ್ಬರೂ ಒಂದೇ ವಯಸ್ಸಿನವರು, ಒಬ್ಬ ಬಿದ್ದ ಮೇಲೆ ಇನ್ನೊಬ್ಬನ ದಿನವೂ ಬಹಳ ಇರಲ್ಲ.

ಉಕ್ಕಿಗೂ ಆಯುಸ್ಸಿದೆ. ಅಮೆರಿಕದ ಆ ಕಾರ್ ಶೆಡ್ಡಿನ ಸಾಮಾನ್ಯ ಸ್ಪ್ರಿಂಗನ್ನು 10,000 ಸಲ ಏರಿಳಿಯುತ್ತದೆ ಅಂತ ಲೆಕ್ಕ ಹೇಳಿ ಮಾರುತ್ತಾರೆ. ದಿನಕ್ಕೆ ನಾಲ್ಕು ಸಲದಂತೆ 2,500 ದಿನ, ಅಂದರೆ ಏಳು ವರ್ಷಕ್ಕೆ ಸ್ವಲ್ಪ ಕಡಿಮೆ. ನಮ್ಮ ಷಟರಿಗೆ ಅಂಥ ಲೆಕ್ಕ ಹೇಳಿದವರನ್ನು ನಾನು ಕಂಡಿಲ್ಲ. ಮಕ್ಕಳು ಷಟರಿಗೆ ಜೋತುಬಿದ್ದು ಉಯ್ಯಾಲೆ ಆಡುವುದು, ಬರುವವರು ಹೋಗುವವರೆಲ್ಲ ಸುಮ್ಮನೆ ಎಳೆಯುವುದು ಇವೆಲ್ಲ ಆ ಲೆಕ್ಕದಿಂದಲೇ ಕಳೆಯುತ್ತದೆ.

ಮಾರುವವರಿಗೆ ಒಂದು ಮಾತು

ನನ್ನ ನಿಜವಾದ ದೂರು ಇರುವುದು ರೈತರ ಮೇಲಲ್ಲ, ಷಟರ್ ಮಾಡಿ ಕೊಡುವವರ ಮೇಲೆ. ಚದರಡಿಗೆ ಇಷ್ಟು ಅಂತ ದರ ಹೇಳುತ್ತಾರೆ, ದುಡ್ಡು ಎಣಿಸಿಕೊಳ್ಳುತ್ತಾರೆ, ಮುಗಿಯಿತು. ನಾನು ಷಟರ್ ಮಾಡಿಸಿದ ಕಡೆ "ತಗಡಿನ ಗೇಜು, ಸ್ಪ್ರಿಂಗಿನ ಅಳತೆ ಬಿಲ್ಲಿನಲ್ಲಿ ಬರೆದುಕೊಡಿ" ಅಂದೆ. "ಅದೆಲ್ಲ ಯಾಕ್ ಯಜಮಾನ್ರೇ, ಷಟರ್ ಓಡ್ತದಲ್ಲ" ಅಂತ ನಕ್ಕರು. ಕೀಟನಾಶಕದ ಬಾಟಲಿ ಮೇಲೆ ಬಣ್ಣದ ಗುರುತು ಇದೆ, ಬಿತ್ತನೆ ಬೀಜದ ಚೀಲದ ಮೇಲೆ ಚೀಟಿ ಇದೆ. ನೂರು ಕಿಲೋ ತಲೆಯ ಮೇಲೆ ತೂಗುಬಿಡುವ ವಸ್ತುವಿನ ಮೇಲೆ ಒಂದು ಸಾಲು ಎಚ್ಚರಿಕೆ ಇಲ್ಲ.

ಮಾನದಂಡ ಇಲ್ಲ ಅಂತಲ್ಲ. ಲೋಹದ ರೋಲಿಂಗ್ ಷಟರಿಗೆ ಐಎಸ್ 6248 ಅಂತ ಭಾರತೀಯ ಮಾನಕವೇ ಇದೆ. ಸ್ಪ್ರಿಂಗಿನ ತಂತಿಗೆ ಐಎಸ್ 4454 ಇದೆ. ಡಿಪ್ಲೊಮಾ ಓದಿದ ನನ್ನ ತಮ್ಮನ ಮಗ ಇದನ್ನು ತಿಳಿಸಿದ. ಸರ್ಕಾರಿ ಕಟ್ಟಡದ ಟೆಂಡರಿನಲ್ಲಿ ಈ ನಂಬರು ಬರೆಯುತ್ತಾರಂತೆ. ರೈತನ ಶೆಡ್ಡಿಗೆ ಬಂದಾಗ ಯಾಕೆ ಮರೆಯುತ್ತದೆ? ನಾವು ಕೇಳುವುದಿಲ್ಲ, ಅದಕ್ಕೆ.

ಆದ್ದರಿಂದ ಮುಂದೆ ಷಟರ್ ಹಾಕಿಸುವವರು ಐದು ವಿಷಯ ಬಿಲ್ಲಿನಲ್ಲಿ ಬರೆಸಿಕೊಳ್ಳಿ: ತಗಡಿನ ದಪ್ಪ, ಷಟರಿನ ಒಟ್ಟು ತೂಕ, ಸ್ಪ್ರಿಂಗು ಎಷ್ಟು ಮತ್ತು ಯಾವ ಅಳತೆ, ಹಾಕಿದ ತಾರೀಖು, ರಿಪೇರಿಗೆ ಬರುವವರ ಫೋನ್ ನಂಬರು. ಬ್ರಾಕೆಟ್ಟಿನ ಬೋಲ್ಟಿನ ಪಕ್ಕ ಕೆಂಪು ಬಣ್ಣದಲ್ಲಿ "ಬಿಚ್ಚಬೇಡಿ" ಅಂತ ಬರೆಸಿ. ಎರಡು ರೂಪಾಯಿ ಬಣ್ಣದ ಕೆಲಸ. ಮಾರುವವರು ಬರೆಯದಿದ್ದರೆ ನೀವೇ ಬರೆಯಿರಿ.

ಷಟರೇ ಬೇಕೇ?

ಕೊನೆಗೆ ಇನ್ನೊಂದು ಮಾತು, ಕೆಲವರಿಗೆ ಹಿಡಿಸದಿರಬಹುದು. ಹೊಲದ ಶೆಡ್ಡಿಗೆ ಷಟರ್ ಬೇಕಾಗಿಯೇ ಇಲ್ಲ. ರಸ್ತೆಗೆ ತಾಗಿಕೊಂಡ ಅಂಗಡಿಗೆ ಬಾಗಿಲು ತೆರೆಯಲು ಜಾಗ ಇರುವುದಿಲ್ಲ, ಅಲ್ಲಿ ಷಟರ್ ಸರಿ. ಹೊಲದಲ್ಲಿ, ಕಣದಲ್ಲಿ ಜಾಗಕ್ಕೇನು ಬರ? ಆಂಗಲ್ ಚೌಕಟ್ಟಿಗೆ ತಗಡು ಹೊಡೆದು ಎರಡು ರೆಕ್ಕೆಯ ಬಾಗಿಲು ಮಾಡಿಸಿ, ಗಟ್ಟಿ ತಿರುಗಣಿ ಹಾಕಿಸಿದರೆ ಸ್ಪ್ರಿಂಗಿನ ರಗಳೆಯೇ ಇಲ್ಲ. ತಿರುಗಣಿ ಕಿತ್ತರೆ ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಕೂರಿಸಬಹುದು. ಗಾಳಿಗೆ ಬಡಿಯುತ್ತೆ ಅನ್ನೋದು ನಿಜ. ಚಿತ್ರದುರ್ಗದ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿದ್ದಾರೆ ಅಂದರೆ ನಮ್ಮ ಗಾಳಿಯ ಜೋರು ಲೆಕ್ಕ ಹಾಕಿ. ಆದರೆ ಅದಕ್ಕೆ ಕೆಳಗೊಂದು ಮೇಲೊಂದು ಚಿಲಕ, ತೆರೆದಾಗ ಸಿಕ್ಕಿಸಲು ಗೋಡೆಗೆ ಒಂದು ಕೊಂಡಿ ಸಾಕು.

ಪಕ್ಕದವನು ಹಾಕಿಸಿದ ಅಂತ ನಾವೂ ಷಟರ್ ಹಾಕಿಸಬೇಕಿಲ್ಲ. ಹಾಕಿಸಿದ ಮೇಲೆ ಅದರ ಗುಣ ತಿಳಿಯದೆ ಇರಬಾರದು. ಬೋರ್, ಟ್ರ್ಯಾಕ್ಟರ್, ಸಾಲ ಇವುಗಳ ಬಗ್ಗೆ ಬರೆಯುವಷ್ಟು ನಾವು ಮನೆಯ ಬಾಗಿಲಿನ ಬಗ್ಗೆ ಬರೆಯುವುದಿಲ್ಲ. ತಿಂಗಳಿಗೊಂದು ಸಲ ಕೂತು ಗೈಡು ಒರೆಸುವುದು ದೊಡ್ಡ ಕೃಷಿ ಸಾಧನೆ ಅಲ್ಲ. ಆದರೆ ಮುರಿದ ಕೈಯಲ್ಲಿ ಕುಂಟೆ ಹೊಡೆಯಲಾಗದು.

ತಂತಮ್ಮ ಶೆಡ್ಡಿನಲ್ಲಿ ಇದಕ್ಕಿಂತ ಸುಲಭದ, ಭದ್ರವಾದ ಬಾಗಿಲು ಮಾಡಿಕೊಂಡವರು ಅಳತೆ, ಖರ್ಚು ಸಮೇತ ಪತ್ರಿಕೆಗೆ ಬರೆದು ತಿಳಿಸಿದರೆ ನನ್ನಂಥವರಿಗೆ ಉಪಕಾರ.